ಹೊರಗೇ ಇರಲಿ ಅಕ್ಕ

ಮಾರ್ಚ್ 3, ಸೋಮವಾರ, ಸಂಜೆ

ಮತ್ತೆ ಹಿಂದಿನ ಬೀದಿ. ಎಲ್ಲ ಮಹಡಿ ಹತ್ತಿ ಇಳಿದೆ. ವೋಟು ಕೇಳಲು ಬಾಗಿಲು ತಟ್ಟಿದರೆ ಒಂದೇ ರಾಗ — "ಅಕ್ಕಾ, ಒಳ್ಳೆ ಟೈಮಿಗೆ ಬಂದ್ರಿ, ನಮ್ಮ ಡ್ರೈನೇಜ್ ನೋಡಿ." ನೋಡಿದೆ. ಮೂಗು ಮುಚ್ಚಿಕೊಂಡೇ ಫೋನ್ ಮಾಡಿ ಕೌನ್ಸಿಲ್ ಆಫೀಸಿನವನಿಗೆ ಉಗಿದೆ. ಕರಪತ್ರ ಕೊಡುವುದು ಮರೆತೇ ಹೋಯಿತು. ವಾಪಸ್ ಹೋಗಿ ಕೊಟ್ಟರೆ ಕೊನೆಯ ಮನೆಯ ಮಹಾತಾಯಿ ಅದನ್ನು ಮಡಿಚಿ, ಅಲುಗಾಡುವ ಮೇಜಿನ ಕಾಲ ಕೆಳಗೆ ಇಟ್ಟಳು. "ಈಗ ಸರಿ ಹೋಯ್ತು ನೋಡಿ!"

ಬೆಳಗಿನಿಂದ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ. ಸಂಜೆ ಇದು. ಕಾಲು ನನ್ನದು ಅನ್ನಿಸುತ್ತಿಲ್ಲ.

ಅತ್ತಿಗೆ ಮಾತ್ರ ದಿನವೂ ಜೊತೆಗೆ ಬರುತ್ತಾರೆ. ಅಣ್ಣ ತೀರಿಹೋದ ಮೇಲೆ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಕರಪತ್ರದ ಚೀಲ ಅವರ ಹೆಗಲ ಮೇಲೆಯೇ. ಬೇರೆಯವರ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಾರೆ, ಅಷ್ಟೆ.

ಮಾರ್ಚ್ 9, ಭಾನುವಾರ

ಗಂಡ ಕೇಳಿದರು, "ಯಾಕೆ ಬೇಕಿತ್ತು ಈ ತಾಪತ್ರಯ?" ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುವ ಮನುಷ್ಯ. ಏನೇ ಆಗಲಿ, ಮೊದಲು ಯಾಕೆ ಅಂತ ಕೇಳಬೇಕು ಅವರಿಗೆ.

ಯಾಕೆ? ಕ್ಲಿನಿಕ್‌ಗೆ. ನಮ್ಮ ವಾರ್ಡಿಗೆ ಇರುವುದು ಅದೊಂದೇ. ಮಕ್ಕಳಿಗೆ ಇಂಜೆಕ್ಷನ್, ಮುದುಕರಿಗೆ ಬಿ.ಪಿ. ಮಾತ್ರೆ, ಗಾಯಕ್ಕೆ ಡ್ರೆಸ್ಸಿಂಗ್. ಅದನ್ನು ಕೆಡವಿ ಕಾರ್ ನಿಲ್ಲಿಸುವ ಜಾಗ ಮಾಡುತ್ತಾರಂತೆ, ಪಕ್ಕದ ಶಾಪಿಂಗ್ ಕಾಂಪ್ಲೆಕ್ಸಿನವರಿಗಾಗಿ. ಹೋದ ಕೌನ್ಸಿಲ್ ಸಭೆಯಲ್ಲಿ ಬೇಕು-ಬೇಡ ಸಮ ಸಮ ಆಯಿತು. ತೀರ್ಮಾನ ಹೊಸ ಕೌನ್ಸಿಲಿಗೆ ಬಿಟ್ಟರು. ನಾನು ಎದ್ದು ಕೂಗಿದೆ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಮೇಡಂ, ಹೊರಗಿನವರು ಮಾತಾಡೋ ಹಾಗಿಲ್ಲ, ಕೂತ್ಕೊಳ್ಳಿ" ಅಂದರು.

ಹೊರಗಿನವರು! ಇಷ್ಟು ವರ್ಷ ಆ ಆಫೀಸಿನ ಮೆಟ್ಟಿಲು ಸವೆಸಿದ್ದೇನೆ. ಅಲ್ಲಿ ಗಂಟಲಿಗೆ ಬೆಲೆಯಿಲ್ಲ, ಎತ್ತುವ ಕೈಗೆ ಬೆಲೆ. ಆ ಕೈ ನಮ್ಮ ವಾರ್ಡಿನಿಂದ ನನ್ನದಾಗಬೇಕು. ಈಗಿರುವ ಕೌನ್ಸಿಲರದ್ದಲ್ಲ. ಆತ ಕೆಡವಿ ಅಂತ ಕೈ ಎತ್ತಿದವನು. ಎತ್ತುವಾಗಲೂ ಹಲ್ಲು ಬಿಡುತ್ತಿದ್ದ. ಇಲ್ಲಿ ಹಲ್ಲುಕಿರಿ ಅಂತಲೇ ಬರೆಯುತ್ತೇನೆ, ನನ್ನ ಪುಸ್ತಕ ಇದು.

ಮಾರ್ಚ್ 14, ಶುಕ್ರವಾರ

ಮೈಯೆಲ್ಲ ಉರಿಯುತ್ತಿದೆ.

ಹಲ್ಲುಕಿರಿಯ ಭಾಷಣ, ಬಸ್ ಸ್ಟಾಪಿನ ಹತ್ತಿರ. ನನ್ನನ್ನು ಬೈಯುತ್ತಾನೆ ಅಂದುಕೊಂಡು, ಉತ್ತರ ಕೊಡಲು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ. ಹೊಗಳಿದ!

"ನಿಮ್ಮ ಅಕ್ಕ ಚಿನ್ನದಂಥವರು. ಈ ಬಸ್ ಸ್ಟಾಪ್ ಯಾರಿಂದ ಬಂತು? ಅವರಿಂದ. ಅಂಥವರನ್ನ ಫೈಲುಗಳ ಮಧ್ಯೆ ಕೂರಿಸಿ ಕಳ್ಕೋಬೇಡಿ. ಒಳಗೆ ನಾನಿರ್ತೀನಿ, ಹೊರಗೆ ಅವರಿರಲಿ. ನನ್ನನ್ನೂ ಬೈಯೋಕೆ ಒಬ್ಬರು ಬೇಕಲ್ವಾ?"

ಎಲ್ಲರೂ ನಕ್ಕರು. ಚಪ್ಪಾಳೆ. ನನ್ನ ಕಡೆ ತಿರುಗಿ ತಿರುಗಿ ಚಪ್ಪಾಳೆ. ಏನಂತ ಉತ್ತರ ಕೊಡಲಿ? ನಾನು ಚಿನ್ನ ಅಲ್ಲ ಅನ್ನಲೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಂದೆ. ಬಂದು ಗಂಡನ ಮೇಲೆ ಕೂಗಾಡಿದೆ. ಪಾಪ, ಅವರು ಸಾಕ್ಸ್ ಹುಡುಕುತ್ತಿದ್ದರು.

ಮಾರ್ಚ್ 20, ಗುರುವಾರ

ಈಗ ಗೊತ್ತಾಯಿತು. ಬೇಕರಿಯವರು ಬಾಯಿಬಿಟ್ಟರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಗೆದ್ರೆ ಮೀಟಿಂಗು, ಕಾರು, ಬಾಗಿಲಲ್ಲಿ ಒಬ್ಬ ಪಿ.ಎ. ಆಮೇಲೆ ನಮ್ಮ ಜೊತೆ ಆಫೀಸಿಗೆ ಯಾರು ಬರ್ತಾರೆ? ಅದಕ್ಕೆ ನಾವೆಲ್ಲ ಮಾತಾಡ್ಕೊಂಡಿದ್ದೀವಿ... ನೀವು ನಮಗೇ ಇರಿ."

"ಮತ್ತೆ ಕ್ಲಿನಿಕ್?"

"ನೀವಿರುವಾಗ ಕ್ಲಿನಿಕ್ ಮುಟ್ಟೋಕೆ ಯಾರಿಗಕ್ಕಾ ಧೈರ್ಯ?"

ಮಾತಾಡಿಕೊಂಡಿದ್ದಾರಂತೆ! ನನ್ನ ಮೇಲಿನ ಪ್ರೀತಿಗೆ ನನ್ನನ್ನು ಸೋಲಿಸಲು! ಅಲ್ಲೇ, ಕೌಂಟರಿನ ಮುಂದೆಯೇ ಕಿರುಚಿದೆ — ಹೊರಗಿನಿಂದ ಆಗುವುದಿಲ್ಲ, ಒಳಗೆ ಒಂದು ಕೈ ಬೇಕು, ಒಂದೇ ಒಂದು. ತಲೆಯಾಡಿಸಿದರು. ಅರ್ಥವಾದವರ ಹಾಗಲ್ಲ, ಮಗು ಹಟ ಮಾಡಿದರೆ ಆಡಿಸುತ್ತಾರಲ್ಲ, ಹಾಗೆ. ಮೇಲಿಂದ ಒಂದು ಬನ್ ಬೇರೆ ಕಟ್ಟಿಕೊಟ್ಟರು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ದಾರಿಯಲ್ಲಿ ಅತ್ತಿಗೆಗೆ, "ನೋಡಿದ್ರಾ ಇವರ ಬುದ್ಧೀನ?" ಅಂದೆ. "ಹ್ಞೂಂ" ಅಂದರು. ಚೀಲ ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದರು.

ಮಾರ್ಚ್ 23, ಭಾನುವಾರ

ಮತದಾನ ಮುಗಿಯಿತು. ಕ್ಯೂನಲ್ಲಿದ್ದವರೆಲ್ಲ ನನ್ನ ಕೈ ಹಿಡಿದು ಕುಲುಕಿದರು. ಅಷ್ಟು ಪ್ರೀತಿ ನೋಡಿ ಭಯವಾಯಿತು.

ಮಾರ್ಚ್ 25, ಮಂಗಳವಾರ

ಸೋತೆ. ಕೂದಲೆಳೆಯಷ್ಟರಲ್ಲಿ. ಹಲ್ಲುಕಿರಿ ಬಂದು ಹಾರ ನನ್ನ ಕೊರಳಿಗೇ ಹಾಕಲು ನೋಡಿದ. ಕೈ ತಳ್ಳಿದೆ. ಫೋಟೋದವರು ಅದನ್ನೇ ತೆಗೆದರು.

ಮನೆಗೆ ಬಂದರೆ ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಮ್ಮ ಪಾತ್ರೆ. ತೊಳೆದದ್ದನ್ನೇ ತೊಳೆಯುತ್ತಿದ್ದರು. ಆಗಲೇ ಗೊತ್ತಾಯಿತು.

"ನೀವೂನಾ ಅತ್ತಿಗೆ?"

ತಿರುಗಲಿಲ್ಲ. "ನಿಮ್ಮಣ್ಣ ಇದ್ದಾಗ ಎಲ್ಲಕ್ಕೂ ಅವರು. ಆಮೇಲೆ ನೀನು. ನೀನೂ ಹೋಗ್ಬಿಟ್ರೆ ಆ ಆಫೀಸಲ್ಲಿ ನಾನೊಬ್ಳೇ ಹೇಗೆ ಮಾತಾಡ್ಲಿ?"

"ನಾನು ಎಲ್ಲಿಗೆ ಹೋಗ್ತಿದ್ದೆ? ಎರಡು ಬಸ್ ಸ್ಟಾಪ್ ಆಚೆಗೆ!"

"ಅಷ್ಟು ದೊಡ್ಡ ಕುರ್ಚಿ ಅದು..."

ಹೊರಗೆ ಹೋಗಿ ಅಂದೆ. ನನ್ನ ಅತ್ತಿಗೆಗೆ. ಕೈ ಒರೆಸಿಕೊಂಡು ಹೋದರು. ಬೈದವರನ್ನು ಕ್ಷಮಿಸಬಹುದು, ಬೆನ್ನಿಗೆ ಇರಿದವರನ್ನೂ ಕ್ಷಮಿಸಬಹುದು. ದಿನವೂ ನನ್ನ ಜೊತೆ ಮೆಟ್ಟಿಲು ಹತ್ತಿ, ಏದುಸಿರು ಬಿಟ್ಟು, ಕೊನೆಗೆ ಹೋಗಿ ಅವನಿಗೆ ವೋಟು ಒತ್ತಿ ಬಂದವರನ್ನು ಏನು ಮಾಡಬೇಕು? ಗೊತ್ತಿಲ್ಲ. ಅಳು ಬರುತ್ತಿಲ್ಲ, ಬರೀ ಸಿಟ್ಟು.

ಏಪ್ರಿಲ್ 17, ಗುರುವಾರ, ಬೆಳಿಗ್ಗೆ

ಹೋದ ವಾರದ ಕೌನ್ಸಿಲ್ ಸಭೆಗೆ ನಾನು ಹೋಗಲಿಲ್ಲ. ಒಂದೇ ಒಂದು ಕೈ ಜಾಸ್ತಿಯಾಗಿ ಕೆಡವುವುದು ಪಾಸಾಯಿತು. ಯಾರ ಕೈ ಅಂತ ಬೇರೆ ಬರೆಯಬೇಕೇ.

ಈಗ ಬೀದಿಯ ತುದಿಯಲ್ಲಿ ಜೆಸಿಬಿ ನಿಂತಿದೆ. ಕ್ಲಿನಿಕ್ಕಿನ ಕಾಂಪೌಂಡ್ ಆಗಲೇ ನೆಲಕ್ಕೆ ಬಿದ್ದಿದೆ. ಇವರೆಲ್ಲ ನಮ್ಮ ಬಾಗಿಲಲ್ಲಿ. ಬೇಕರಿಯವರು, ಮೇಜಿನ ಮಹಾತಾಯಿ, ಹಿಂದಿನ ಬೀದಿಯ ಅರ್ಧ ಜನ. "ಅಕ್ಕಾ, ಬೇಗ ಬನ್ನಿ! ನೀವು ಬಂದ್ರೆ ನಿಲ್ಲಿಸ್ತಾರೆ!"

ಕಿಟಕಿಯಿಂದಲೇ ಹೇಳಿದೆ. "ಒಳಗಿರೋರು ನೀವು ಗೆಲ್ಲಿಸಿದೋರಲ್ವಾ? ಅವರನ್ನ ಕರೀರಿ."

"ಫೋನ್ ತೆಗೀತಿಲ್ಲ ಅಕ್ಕಾ..."

"ಹಾಗಾದ್ರೆ ನೀವೇ ಹೋಗಿ ನಿಲ್ಲಿ. ಇಷ್ಟು ಜನ ಇದ್ದೀರಲ್ಲ. ನಿಮಗೂ ಬಾಯಿದೆ."

ಯಾರೂ ಕದಲಲಿಲ್ಲ. ನಾನೂ ಕಿಟಕಿ ಹಾಕಿ ಇಲ್ಲಿ ಬಂದು ಕೂತೆ. ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಸೊಟ್ಟಗೇ ಇರಲಿ. ಇವತ್ತು ಹೋಗುವುದಿಲ್ಲ. ಬೀಳಲಿ. ಇವರ ಕಣ್ಣೆದುರೇ ಬೀಳಲಿ.

ಗೇಟಿನ ಸದ್ದು. ಪುಸ್ತಕ ಹಿಡಿದೇ ಕಿಟಕಿಯ ಗಾಜಿನ ಹತ್ತಿರ ಬಂದೆ. ಚದುರುತ್ತಿದ್ದಾರೆ. ಬೇಕರಿಯವರು ಬೇಕರಿಗೆ, ಮಿಕ್ಕವರು ಅವರವರ ಮನೆಗೆ. ಥೂ!

ಒಬ್ಬರು ಮಾತ್ರ ಆ ಕಡೆ ಹೋಗುತ್ತಿದ್ದಾರೆ. ಅತ್ತಿಗೆ. ಗೋಡೆ ಹಿಡಿದುಕೊಂಡು, ನಿಧಾನವಾಗಿ. ಅಂಗಡಿಯವನು ಚಿಲ್ಲರೆ ತಪ್ಪು ಕೊಟ್ಟರೂ ಕೇಳದ ಹೆಂಗಸು. ಆ ಡ್ರೈವರನಿಗೆ ಏನಂತ ಹೇಳುತ್ತಾರೆ? ತಲೆಯಾಡಿಸಿ ನಿಲ್ಲುತ್ತಾರೆಯೇ?

ನನಗೇನು. ಹೋಗಲಿ.

ಇಂಜಿನ್ ಶುರುವಾಯಿತು. ಅತ್ತಿಗೆ ನಿಲ್ಲುತ್ತಿಲ್ಲ. ಬಿದ್ದ ಕಾಂಪೌಂಡಿನ ಕಲ್ಲುಗಳ ಮೇಲೆ ಹತ್ತುತ್ತಿದ್ದಾರೆ, ಹರಿದ ಚಪ್ಪಲಿಯಲ್ಲಿ. ಈ ಹೆಂಗಸಿಗೆ ಬುದ್ಧಿ ಯಾವಾಗ ಬರುತ್ತದೆ! ಅಲ್ಲಿ ಬಿದ್ದು ಗಿದ್ದರೆ ಎತ್ತಿಕೊಂಡು ಹೋಗಲು ಈಗ ಕ್ಲಿನಿಕ್ಕೂ ಇಲ್ಲ. ನನ್ನ ಚಪ್ಪಲಿ ಎಲ್ಲಿ —