ಮೈದುನನ ಬಿಳಿ ಅಂಗಿ

ಜನವರಿ ೯, ಶುಕ್ರವಾರ

ಇವತ್ತೂ ತಾರಸಿಯಲ್ಲಿ ಒಣಹಾಕಿದ ಮಗಳ ಹೊದಿಕೆಯ ಮೇಲೆ ಕಪ್ಪು ಪುಡಿ. ಮುಟ್ಟಿದರೆ ಕಾಡಿಗೆಯಂತೆ ಬೆರಳಿಗೆ ಮೆತ್ತುತ್ತದೆ. ಅವಳ ಉಬ್ಬಸವೂ ಜೋರಾಗಿದೆ.

ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಕಡೆ ಮೇಸ್ತ್ರಿಯಾಗಿರುವ ಮೈದುನನಿಗೆ ತೋರಿಸಿದೆ. ಬಂದರಿನ ಹೆಸರನ್ನೇ ನಾನು ಎತ್ತಿರಲಿಲ್ಲ.

"ಅದು ನಮ್ಮ ಬಂದರಿಂದಲ್ಲ ಅತ್ತಿಗೆ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! "ಚಳಿಗಾಲ ಅಲ್ವಾ, ಗಾಳಿ ಮೇಲೆ ಏಳಲ್ಲ. ಮುಂದೆ ಸಮುದ್ರ, ಹಿಂದೆ ಗುಡ್ಡ. ಊರಿನ ಹೊಗೆ ಹೋಗೋದಾದ್ರೂ ಎಲ್ಲಿಗೆ? ಮಳೆ ಬಿದ್ರೆ ಎಲ್ಲ ತೊಳೆದು ಹೋಗುತ್ತೆ."

ಮಳೆಗಾಲದಲ್ಲಿ ಇದೇ ಹೊದಿಕೆ ಒಣಗದಿದ್ದರೂ ಬೆಳ್ಳಗಿರುತ್ತದೆ, ನಿಜ. ಗುಡ್ಡ ಗಾಳಿಯನ್ನು ತಡೆಯುವುದೂ ನಿಜವೇ. ಆದರೆ ಗುಡ್ಡ ಕೂತು ಮಸಿ ಅರೆಯುವುದಿಲ್ಲವಲ್ಲ. ಗಂಡನಿಗೆ ಹೇಳಿದರೆ, "ಅವನಿಗೆ ಗೊತ್ತಿರಲ್ವಾ, ಬಿಡು," ಎಂದರು. ಗೊತ್ತಿದೆ. ನನ್ನ ಅನುಮಾನವೂ ಅದೇ.

ಈಗ ನೀರು ತರಲು ಎದ್ದಾಗ ಮೈದುನನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾಳೆಯ ಬಿಳಿ ಅಂಗಿಯನ್ನು ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಹಾಕಿದ್ದಾನೆ. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದ್ದಾನೆ. ಅದೂ ಬಂದರಿನ ಕಡೆಯ ಕಿಟಕಿಗೆ ಮಾತ್ರ. ಗುಡ್ಡದ ಕಡೆಯದು ಹಾರು ಹೊಡೆದಿದೆ.

ಮಗಳು ಮತ್ತೆ ಕೆಮ್ಮುತ್ತಿದ್ದಾಳೆ. ಒಂದು ಹಳೆ ಟವೆಲ್ ನೆನೆಸಿ ಅವಳ ಕಿಟಕಿಗೂ...