ಮೋದಿನಣ್ಣ ಕಳಿಸಿದ ಕೈ

ತಾಂಬಾ,
15-10-1975, ಬನ್ನಿ ಹಬ್ಬದ ಮರುದಿನ

ಸಿಂದಗಿಯಲ್ಲಿರುವ ಮೋದಿನಣ್ಣನಿಗೆ ರೇವಣಪ್ಪನ ಶರಣು.

ಹೆಸರು ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ. ನಿನ್ನ ಸಿಟ್ಟು ನನಗೆ ಗೊತ್ತು. ಓದಿ ಮುಗಿಸಿ ಆಮೇಲೆ ಹಾಕು.

ನಮ್ಮ ಪಡಸಾಲೆಯಲ್ಲಿ ಸಾಮಾನು ಕಚ್ಚಿ ಹಿಡಿಯುವ ಒಂದು ಹಳೆಯ ಕಬ್ಬಿಣದ ವೈಸ್ ಇದೆ, ಒಂದು ದವಡೆಯ ಮೂಲೆ ಮುರಿದದ್ದು. ನಾನು ಬಲಗೈ ಕಳೆದುಕೊಂಡ ವರ್ಷ ಕಸ್ತೂರೆವ್ವ ಅದನ್ನು ದಪ್ಪ ಹಲಗೆಗೆ ಕೂಡಿಸಿ, ದೇವರ ಹಿಪ್ಪರಗಿ ಸಂತೆಯ ಗುಜರಿಯಲ್ಲಿ ಸಿಕ್ಕಿತು ಎಂದಳು. ಒಂಟಿ ಕೈಯವನಿಗೆ ಅಣಕವೇನು ಇದು ಎಂದು ಹೆಂಡತಿಯ ಮೇಲೆ ಹರಿಹಾಯ್ದೆ. ಎಂಟು ದಿನ ಅದರ ಕಡೆ ನೋಡಲಿಲ್ಲ. ಒಂಬತ್ತನೆಯ ದಿನ ಅವಳ ಮೊಂಡು ಕುಡಗೋಲನ್ನು ಅದರ ದವಡೆಗೆ ಕೊಟ್ಟು, ಎಡಗೈಯಿಂದ ತಿರುಪು ಬಿಗಿದು, ಅರ ಆಡಿಸಿದೆ. ಕುಡಗೋಲು ಒಂದಿಷ್ಟೂ ಅಲುಗಲಿಲ್ಲ ಅಣ್ಣಾ! ಅಲ್ಲಿಂದ ಆರು ವರ್ಷ ಊರಿನ ಕುಡಗೋಲು, ಬೀಗ, ಸ್ಟೋವು ಎಲ್ಲ ರಿಪೇರಿಗೆ ನಮ್ಮ ಮನೆಗೇ. ತಿರುಪು ಸವೆದು ಆಗಾಗ ಜಾರುತ್ತದೆ. ಬೈಯುತ್ತೇನೆ, ಎಣ್ಣೆಯನ್ನೂ ಹಾಕುತ್ತೇನೆ.

ಮೊನ್ನೆ ಆಯುಧಗಳ ಖಂಡೆ ಪೂಜೆ. ವೈಸನ್ನು ಒರೆಸಿ ವಿಭೂತಿ ಹಚ್ಚಿದೆ. ಪೂಜೆಗೆ ಇಟ್ಟದ್ದನ್ನು ಆ ದಿನ ದುಡಿಸುವಂತಿಲ್ಲವಲ್ಲ, ತೆಂಗಿನಕಾಯಿಯ ಜುಟ್ಟು ಕೀಳುವುದೂ ನನ್ನಿಂದಾಗಲಿಲ್ಲ. ಕಾಯಿ ಉರುಳಿ ಹೋಯಿತು. ಈ ವೈಸ್ ಮಾರಿದವನ ಹೊಟ್ಟೆ ತಣ್ಣಗಿರಲಿ ಎಂದೆ. ಕಸ್ತೂರೆವ್ವ ಕಾಯಿ ಹಿಡಿದುಕೊಂಡು ನಿಂತುಬಿಟ್ಟಳು.

"ಮಾರಿದ್ದಲ್ರಿ ಅದು. ಮೋದಿನಣ್ಣ ಅವರಪ್ಪನ ವೈಸ್ ಬಿಚ್ಚಿ ಬಸ್ಸಿನ್ಯಾಗ ಕಳಿಸಿದ್ದ. ಹೇಳಬ್ಯಾಡ ಅಂದಿದ್ದ," ಎಂದಳು.

ದನಗಳಿಗೆ ಜೋಳದ ಕಣಿಕಿ ಕತ್ತರಿಸುವ ಯಂತ್ರದಲ್ಲಿ ನನ್ನ ಕೈ ಸಿಕ್ಕ ದಿನ ಚಕ್ರ ತಿರುಗಿಸುತ್ತಿದ್ದವನು ನೀನು. ಮೋದಿನಸಾಬ ನೋಡದೆ ತಿರುಗಿಸಿದ ಎಂದು ಊರೆಲ್ಲ ಅಂದಿತು. ನೀನು ಊರು ಬಿಟ್ಟೆ. ನಿಜ ನಮ್ಮಿಬ್ಬರಿಗೇ ಗೊತ್ತಿತ್ತು. ಕಣಿಕಿ ಸಿಕ್ಕಿಕೊಂಡಾಗ ನೀನು ಚಕ್ರ ನಿಲ್ಲಿಸಿ, ಮೊದಲು ಕೈ ತೆಗೆ ಎಂದಿದ್ದೆ. "ತಗದೇನಿ, ತಿರುಗಸು," ಎಂದು ಸುಳ್ಳು ಹೇಳಿದವನು ನಾನು. ಕೆಲಸ ಬೇಗ ಮುಗಿಯಲಿ ಎಂಬ ಆತುರ. ಆಮೇಲೆ ಊರವರು ಕೇಳಿದಾಗ ಬಾಯಿ ಬಿಡಲಿಲ್ಲ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ನಿನ್ನೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಡಲು ಜನ ಸೇರಿದಾಗ ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಹಿರಿಯ ಶಂಕರೆಪ್ಪ ಕಾಕಾ ನನ್ನ ಬನ್ನಿ ತೆಗೆದುಕೊಳ್ಳಲಿಲ್ಲ. ಮೊದಲು ಸಿಂದಗಿಗೆ ಹೋಗಿ ಕೊಟ್ಟು ಬಾ ಎಂದರು. ಸರಿಯಾಗಿಯೇ ಅಂದರು.

ಬನ್ನಿಯನ್ನು ಸಣ್ಣವನೇ ದೊಡ್ಡವನ ಮನೆಗೆ ಒಯ್ಯಬೇಕು. ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಮೇಲೆ ಇಟ್ಟು ಬರುತ್ತೇನೆ. ನೀನು ಕೊಟ್ಟ ಕೈಯಿಂದ ಆರು ವರ್ಷ ಉಂಡಿದ್ದೇನೆ ಅಣ್ಣಾ. ಅದನ್ನು ನಿನ್ನ ಮುಖ ನೋಡಿ ಹೇಳಬೇಕು.

ನಿನ್ನ ತಮ್ಮ,
ರೇವಣಪ್ಪ

ತಾ.ಕ.: ಅಕ್ಷರ ಸೊಟ್ಟಗಿವೆ, ನಗಬೇಡ. ನಮ್ಮ ಪತ್ರಗಳನ್ನೆಲ್ಲ ಸಾಲಿ ಮಾಸ್ತರರು ಬರೆದುಕೊಡುತ್ತಾರೆ. ಇದನ್ನು ಮಾತ್ರ ಎಡಗೈಯಿಂದ ನಾನೇ ಬರೆದೆ, ಮೂರು ಹಾಳೆ ಕೆಡಿಸಿ. ಹಾಳೆ ಜಾರಬಾರದೆಂದು ರಟ್ಟಿನ ಸಮೇತ ವೈಸಿಗೆ ಬಿಗಿದಿದ್ದೆ. ಮೇಲಿನ ಅಂಚಿನಲ್ಲಿ ದವಡೆಯ ಗುರುತು ಮೂಡಿದೆ, ಒಂದು ಮೂಲೆ ಬಿಟ್ಟು. ನಿಮ್ಮಪ್ಪನ ವೈಸಿನ ಗುರುತು ನಿನಗೆ ಸಿಗುತ್ತದೆ.