ಅವರ ಬೆರಳಿಗೆ ಬೆಳ್ಳಿಯೇ ಸಾಕಿತ್ತು, ಅಪ್ಪಾ

ಅಪ್ಪಾ,

ಸಿಂದಗಿಯ ಬಾಡಿಗೆ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಉಂಗುರದ ಮಾತು ತೆಗೆದರೆ ಸಾಕು, "ನಿನ್ನ ಸಾಲಿ ಹೆಂಗ ನಡದೈತಿ?" ಎಂದು ಮಾತು ತಿರುಗಿಸುತ್ತೀಯ. ಕಾಗದವನ್ನು ಹಾಗೆ ನಡುವೆ ತಡೆಯಲು ನಿನ್ನಿಂದ ಆಗದು. ಪೂರ್ತಿ ಓದು.

ಸುನೀಲಕುಮಾರ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಎಂದು ಗೊತ್ತಿದ್ದೇ ನೀನು ಸಂಬಂಧಕ್ಕೆ ಒಪ್ಪಿದ್ದು. ಅಗರಖೇಡದ ನಮ್ಮ ಪಡಸಾಲೆಯಲ್ಲಿ ಕೂತು ಅವರು ನಿನಗೇ ಹೇಳಿದ್ದರು: "ಮಾವಾರ, ನನಗ ಬಂಗಾರ ಬ್ಯಾಡ್ರಿ. ಮಷಿನ್ ಹತ್ರ ಹೋಗೂಮುಂದ ದಿನಾ ಉಂಗುರ ತಗದಿಡಬೇಕಾಗತೈತಿ. ಬೆಳ್ಳೀದಾದ್ರ ಡಬ್ಬಿಯೊಳಗ ಒಗದು ಹೋಗ್ತೇನಿ, ಚಿಂತಿ ಇರಂಗಿಲ್ಲ." ಅವರ ಗೆಳೆಯ ರಾಚಪ್ಪ ಬಂಗಾರ ಕಳೆದೀತೆಂಬ ಹೆದರಿಕೆಯಿಂದ ಉಂಗುರ ತೆಗೆಯದೆ, ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಬೆರಳನ್ನೇ ಕಳೆದುಕೊಂಡದ್ದನ್ನೂ ಹೇಳಿದರು. "ಆತಳಪಾ, ಬೆಳ್ಳೀದ ಮಾಡಸೋಣು" ಎಂದೆ ನೀನು. ನಾನು ನಂಬಿದೆ.

ನಿಶ್ಚಯದ ದಿನ ಬೀಗರೆಲ್ಲರ ಎದುರು ನಿನ್ನ ಜೇಬಿನಿಂದ ಬಂದದ್ದು ಬಂಗಾರದ ಉಂಗುರ. ಅಳತೆಯನ್ನೂ ಕೇಳಿರಲಿಲ್ಲ ನೀನು. ಗೆಣ್ಣಿನ ಹತ್ತಿರ ಅದು ಸಿಕ್ಕಿಕೊಂಡಿತು. "ಒತ್ತವಾ, ಒತ್ತು" ಎಂದು ನೀನು ನಗುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡರು, ನಾನು ಒತ್ತಿದೆ. ಆಮೇಲೆ ಅವ್ವನಿಗೆ ನಮಸ್ಕಾರ ಮಾಡಲು ಹೋದಾಗ ನೋಡಿದೆ, ಅವಳ ಕಿವಿಯ ಮೇಲೆ ಬುಗುಡಿ ಇರಲಿಲ್ಲ. ಕೇಳಿದರೆ, "ನಿಮ್ಮಪ್ಪ ಕರಗಿಸ್ಯಾನವಾ. ನನಗೂ ಕೇಳಲಿಲ್ಲ" ಎಂದಳು, ಅಷ್ಟೇ.

ಮರುದಿನ ಅವರ ಬೆರಳು ಬಾತುಕೊಂಡಿತು. ಸೋಪು, ಎಣ್ಣೆ, ದಾರ ಯಾವುದಕ್ಕೂ ಉಂಗುರ ಜಗ್ಗಲಿಲ್ಲ. ಅವರು ಕೆಲಸ ಬಿಟ್ಟು ಇಂಡಿಗೆ ಹೋಗಿ, ಆ ಉಂಗುರ ಮಾಡಿಕೊಟ್ಟ ಪತ್ತಾರ ಗುರಲಿಂಗಪ್ಪನವರ ಕೈಯಿಂದಲೇ ಅದನ್ನು ಕತ್ತರಿಸಿಕೊಳ್ಳಬೇಕಾಯಿತು. ಪತ್ತಾರರ ಬಾಯಿಂದ ಬುಗುಡಿಯ ಸಂಗತಿ ತಿಳಿದು ನೇರ ನನ್ನ ಶಾಲೆಗೆ ಬಂದರು. ತುಂಡಾದ ಉಂಗುರವನ್ನು ನನ್ನ ಕೈಗಿಟ್ಟು, "ಇದು ಅತ್ತಿಯವರ ವಸ್ತು, ಯಶೋಧಾ. ಅವರಿಗೇ ಮುಟ್ಟಿಸು" ಎಂದರು. ನಿನ್ನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. ನನಗೆ ನಾಚಿಕೆಯಾಯಿತು.

ನೀನು ಯಾಕೆ ಹೀಗೆ ಮಾಡಿದೆ ಎಂದು ನಮ್ಮ ಓಣಿಯ ಶೆಟ್ಟೆವ್ವಜ್ಜಿ ಹೇಳಿದಳು. ನಿನ್ನ ಮದುವೆಯಲ್ಲಿ ಅವ್ವನ ತವರಿನವರಿಗೆ ಬಂಗಾರ ಹಾಕಲು ಆಗಲಿಲ್ಲವಂತೆ. ನಿನ್ನ ಗೆಳೆಯರು ವರ್ಷಗಟ್ಟಲೆ "ಹಿತ್ತಾಳಿ ಅಳಿಯ" ಎಂದು ಕಾಡಿದರಂತೆ. ಪಾಪ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ತವರಿನವರು ಕೂಡಿಟ್ಟು ಕೂಡಿಟ್ಟು ನಾನು ಹುಟ್ಟಿದಾಗ ತಂದ ಬುಗುಡಿಯಲ್ಲವೇ ನೀನು ಕರಗಿಸಿದ್ದು? ನಿನ್ನನ್ನು ನಕ್ಕವರು ಯಾರೋ. ದಂಡ ಕಟ್ಟಿದವರು ಅವ್ವ ಮತ್ತು ಸುನೀಲಕುಮಾರ.

ನನ್ನ ಪಗಾರದಲ್ಲಿ ಬೆಳ್ಳಿಯ ಉಂಗುರಕ್ಕೆ ಹೇಳಿ ಬಂದಿದ್ದೇನೆ, ಈ ಸಲ ಅಳತೆ ಕೊಟ್ಟು. ಮದುವೆಯಲ್ಲಿ ಅದನ್ನೇ ತೊಡಿಸುತ್ತೇನೆ. ಮಂದಿ ನಕ್ಕರೆ ಅವರಿಗೆ ಉತ್ತರ ಕೊಡುವ ಕೆಲಸ ನನಗಿರಲಿ. ನೀನು ಅವ್ವನಿಗೆ ಉತ್ತರ ಕೊಡು. ಅವಳು ಕೇಳುವುದಿಲ್ಲ, ಮೂವತ್ತು ವರ್ಷ ಕೇಳಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಶನಿವಾರ ಆ ತುಂಡು ಉಂಗುರವನ್ನು ಅವಳಿಗೆ ಮುಟ್ಟಿಸಲು ನಾನು ಬರುವುದರೊಳಗೆ ನೀನಾಗಿಯೇ ಹೋಗಿ ಅವಳ ಪಕ್ಕದಲ್ಲಿ ಕೂಡು.

ನಿನಗೆ ಆರೋಗ್ಯ ಕೊಡಲಿ ದೇವರು, ಹಟವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಲಿ.

ಸಿಟ್ಟು ಇಳಿಯದಿದ್ದರೂ ನಿನ್ನ ಕೈಯ ಅಕ್ಷತೆ ಬೀಳದೆ ಹಸೆಮಣೆಯಿಂದ ಏಳಲಾರದ ನಿನ್ನ ಮಗಳು,
ಯಶೋಧಾ